ತೆಗೆದದ್ದು ಹೇಗೆ ಅಂತ ಬರೆದುಂಟಾ?

ಆಟಿ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಬೆಳಗಾಗುವುದೇ ಕಹಿಯಿಂದ. ಕತ್ತಲಿರುವಾಗಲೇ ಅಣ್ಣ ಗುಡ್ಡೆಯ ಪಾಲೆಮರದಿಂದ ತೊಗಟೆ ತಂದಿರುತ್ತಾನೆ. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಲ್ಲೇ ಜಜ್ಜಿ ಕೀಳಬೇಕು. ಅಮ್ಮ ಅದನ್ನು ಬೆಳ್ಳುಳ್ಳಿ, ಓಮ, ಕಾಳುಮೆಣಸಿನ ಜೊತೆ ಗುದ್ದಿ ಬಟ್ಟೆಯಲ್ಲಿ ಹಿಂಡುತ್ತಾಳೆ. ಅಷ್ಟರೊಳಗೆ ಒಲೆಯ ಕೆಂಡದಲ್ಲಿ ಒಂದು ಬಿಳಿಕಲ್ಲು ಕಾದು ಕೂತಿರುತ್ತದೆ. ಇಕ್ಕುಳದಲ್ಲಿ ಹಿಡಿದು ರಸದ ಪಾತ್ರೆಗೆ ಬಿಟ್ಟರೆ ಚುಂಯ್ ಅಂತ ಸದ್ದು, ಅಡುಗೆಮನೆ ತುಂಬ ಹಬೆ. ಒಲೆಯ ಮೇಲಿಟ್ಟು ಕುದಿಸಿದರೆ ಆಗದಾ ಎಂದು ಚಿಕ್ಕಂದಿನಲ್ಲಿ ಒಮ್ಮೆ ಕೇಳಿದ್ದೆ. 'ಹಾಗೆ ಮಾಡಿದ್ರೆ ಅದು ಬೇರೆಯೇ ಆಗ್ತದೆ ಮಗಾ' ಅಂದಿದ್ದಳು. ಯಾಕೆ ಎಂದು ಅವಳೂ ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಈ ಸಲ ಕಷಾಯ ಕುಡಿದು, ಬಾಯಿಯ ಕಹಿ ಹೋಗಲೆಂದು ಮೆಂತೆ ಗಂಜಿ ಉಂಡಾದ ಮೇಲೆ ಅಮ್ಮ ಕಪಾಟಿನಿಂದ ಒಂದು ಬಿಳಿ ಬಾಟಲಿ ತೆಗೆದು ನನ್ನ ಮುಂದಿಟ್ಟಳು. ಬೆಂಗಳೂರಿನಿಂದ ಬಂದ ಸೊಸೆ ಕೊಟ್ಟದ್ದು. ಅಮ್ಮನ ಮಂಡಿನೋವಿಗೆ. ಲೇಬಲ್ಲಿನಲ್ಲಿ ಅಲೆಗಳ ಚಿತ್ರ, ಕೆಳಗೆ 'ಸೀವೀಡ್ ಎಕ್ಸ್‌ಟ್ರಾಕ್ಟ್ 500 ಮಿ.ಗ್ರಾಂ'. ಮೂರು ವರ್ಷ ಕಡಲಕಳೆಯ ಪ್ರಾಜೆಕ್ಟಿನಲ್ಲಿ ದುಡಿದ ಮಗಳು ಮನೆಯಲ್ಲಿರುವಾಗ ಬೇರೆ ಯಾರನ್ನು ಕೇಳುವುದು?

'ಸಮುದ್ರದ ಪಾಚಿಯದ್ದಂತೆ. ತೆಗೆದದ್ದು ಹೇಗೆ ಅಂತ ಬರೆದುಂಟಾ?'

ಬಾಟಲಿ ತಿರುಗಿಸಿ ತಿರುಗಿಸಿ ನೋಡಿದೆ. ಬರೆದಿರಲಿಲ್ಲ. ನನಗೆ ನಗು ಬಂತು. ಪ್ರಾಜೆಕ್ಟಿನ ಮೊದಲ ಒಂದೂವರೆ ವರ್ಷ ನಾನು ಹಾಳು ಮಾಡಿಕೊಂಡದ್ದು ಇದೇ ಪ್ರಶ್ನೆಯನ್ನು ಕೇಳಿಕೊಳ್ಳದೆ.

ಯಾವ ಕಳೆ ಎಂದು ಎಲ್ಲರೂ ಕೇಳುತ್ತಾರೆ, ತೆಗೆದದ್ದು ಹೇಗೆ ಎಂದು ಕೇಳುವುದಿಲ್ಲ. ಕಳೆಯೊಳಗೆ 'ಸಾರ' ಅನ್ನುವ ಒಂದು ವಸ್ತು ಮೊದಲೇ ಸಿದ್ಧವಾಗಿ ಕೂತಿದೆ, ನಾವು ಹೋಗಿ ಹೊರಗೆ ಕರೆದು ತರುವುದಷ್ಟೇ ಕೆಲಸ ಎಂದು ನಾನೂ ತಿಳಿದಿದ್ದೆ. ಹಾಗಿಲ್ಲ. ನೀರಿನಲ್ಲಿ ಕುದಿಸಿದರೆ ಒಂದು ಸಾರ, ಸ್ಪಿರಿಟ್ಟಿನಲ್ಲಿ ನೆನೆಸಿದರೆ ಇನ್ನೊಂದು, ಆಮ್ಲ ಹಾಕಿದರೆ ಮೂರನೆಯದು. ಫಿಲ್ಟರಿನಲ್ಲಿ ಇಳಿದ ಡಿಕಾಕ್ಷನ್ನಿಗೂ ಪುಡಿ ಹಾಕಿ ಕುದಿಸಿದ ಕಾಫಿಗೂ ಇರುವ ವ್ಯತ್ಯಾಸ ನಾಲಿಗೆಗೆ ಗೊತ್ತು. ಅರಿಶಿನದ ಮುಖ್ಯ ಸತ್ವ ನೀರಿಗೆ ಬರುವುದಿಲ್ಲ, ಒಗ್ಗರಣೆಯ ಎಣ್ಣೆಗೆ ಓಡಿ ಬರುತ್ತದೆ. ಆಯುರ್ವೇದದವರು ಈ ವಿಷಯದಲ್ಲಿ ನನಗಿಂತ ಜಾಣರು: ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಹೆಸರಿಟ್ಟರು. ಹಿಂಡಿದ್ದು, ಅರೆದದ್ದು, ಕುದಿಸಿ ಇಳಿಸಿದ್ದು, ತಣ್ಣೀರಲ್ಲಿ ರಾತ್ರಿಯಿಡೀ ನೆನೆಸಿದ್ದು, ಬಿಸಿನೀರು ಹೊಯ್ದು ಸೋಸಿದ್ದು. ಗಿಡ ಒಂದೇ ಆದರೂ ಮದ್ದು ಐದು.

ಸೋಮೇಶ್ವರದ ಕಡಲತೀರದ ಬಂಡೆಗಳ ಮೇಲೆ ಮಳೆಗಾಲ ಮುಗಿದ ಮೇಲೆ ಕಳೆ ಚಿಗುರುತ್ತದೆ. ನೀರು ಇಳಿದ ಹೊತ್ತು ನೋಡಿಕೊಂಡು ಹೋಗಬೇಕು. ಲೆಟ್ಯೂಸಿನ ಎಲೆಯ ಹಾಗೆ ತೆಳ್ಳಗಿನ ಹಸಿರು ಅಲ್ವಾ, ಕೂದಲ ಗಂಟಿನಂಥ ಕೆಂಪು ಕಳೆಗಳು, ಮತ್ತೆ ನನಗೆ ಬೇಕಾಗಿದ್ದ ಕಂದು ಸರ್ಗಾಸಮ್. ಅದರ ಕೊಂಬೆಗಳಲ್ಲಿ ಕೊತ್ತಂಬರಿ ಕಾಳಿನಷ್ಟು ಗಾಳಿಬುರುಡೆಗಳಿರುತ್ತವೆ, ಬೆರಳಲ್ಲಿ ಒತ್ತಿದರೆ ಟಪ್ ಅನ್ನುತ್ತವೆ. ಮೊದಲ ದಿನ ಎರಡು ಗೋಣಿ ತುಂಬಿಸಿ ತಂದು, ಉಪ್ಪು ಹೋಗಲೆಂದು ನಲ್ಲಿಯ ಕೆಳಗೆ ಅರ್ಧ ಗಂಟೆ ನೆನೆಹಾಕಿ ತೊಳೆದು, ತಾರಸಿಯ ಮೇಲೆ ಹಪ್ಪಳ ಒಣಗಿಸುವ ಹಾಗೆ ಹರಡಿದೆ. ನಾಲ್ಕು ದಿನ ಚೆನ್ನಾಗಿ ಬಿಸಿಲು ಬಿತ್ತು. ಗರಿಗರಿಯಾಯಿತು. ಬಹಳ ಸಂತೋಷಪಟ್ಟೆ.

ಸಂತೋಷಪಡುವ ಕೆಲಸವಾಗಿರಲಿಲ್ಲ. ಕಂದು ಕಳೆಗೆ ಕಂದು ಬಣ್ಣ ಕೊಡುವುದು ಫ್ಯೂಕೋಕ್ಸಾಂಥಿನ್. ಕ್ಯಾರೆಟ್ಟಿನ ಕೆರೋಟಿನ್ನಿನ ನೆಂಟ, ಉರಿಯೂತ ತಗ್ಗಿಸುವ ಗುಣ ಇದೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿರುವ ವಸ್ತು. ಅದಕ್ಕೆ ಬೆಳಕು ಆಗದು, ಬಿಸಿ ಆಗದು, ಗಾಳಿಯೂ ಆಗದು. ನಾನು ಮೂರನ್ನೂ ಒಟ್ಟಿಗೇ ಕೊಟ್ಟಿದ್ದೆ. ಒಣಗಿದ ಕಳೆಯನ್ನು ಸ್ಪಿರಿಟ್ಟಿನಲ್ಲಿ ನೆನೆಸಿದಾಗ ದಟ್ಟ ಬಣ್ಣ ಬರಬೇಕಾದಲ್ಲಿ ತೆಳು ಹುಲ್ಲುಬಣ್ಣ ಬಂತು. ಆಮೇಲೆ ನೆರಳಲ್ಲಿ ಒಣಗಿಸಿ, ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಕತ್ತಲೆಯಲ್ಲಿಟ್ಟಾಗಲೇ ಬಣ್ಣ ನಿಂತದ್ದು. ಇದಕ್ಕೊಂದು ಚಂದದ ಪರೀಕ್ಷೆ ಇದೆ. ಹಸಿ ಕಂದು ಕಳೆಯ ಒಂದು ಎಲೆಯನ್ನು ಕುದಿಯುವ ನೀರಿಗೆ ಅದ್ದಿದರೆ ಕಣ್ಣೆದುರೇ ಎಲೆ ಹಚ್ಚಹಸಿರಾಗುತ್ತದೆ. ಫ್ಯೂಕೋಕ್ಸಾಂಥಿನ್ ಜೀವಂತ ಎಲೆಯಲ್ಲಿ ಒಂದು ಪ್ರೋಟೀನಿನ ಮಡಿಲಲ್ಲಿ ಕೂತಿರುತ್ತದೆ, ಕೂತಿರುವಷ್ಟು ಹೊತ್ತು ಕಂದು. ಬಿಸಿ ತಾಗಿ ಪ್ರೋಟೀನು ಬಿಚ್ಚಿಕೊಂಡರೆ ಕಂದು ಹೋಗಿ, ಅಡಿಯಲ್ಲಿದ್ದ ಹಸಿರು ಮೇಲೆ ಕಾಣುತ್ತದೆ. ಎರಡನೇ ವರ್ಷದ ಹುಡುಗರಿಗೆ ಇದನ್ನು ತೋರಿಸಿದಾಗ ಮ್ಯಾಜಿಕ್ಕು ಎಂದು ಮೊಬೈಲಲ್ಲಿ ಹಿಡಿದುಕೊಂಡರು.

ಉರಿಯೂತ ಅಂದರೆ ಏನು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಲಿಗೆ ಮುಳ್ಳು ಚುಚ್ಚಿದಾಗ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿ, ನೋಯುವುದು ಉರಿಯೂತ. ರಕ್ತದಲ್ಲಿ ಹರಿಯುತ್ತಿರುವ ಬಿಳಿ ಕಣಗಳು ಅಲ್ಲಿ ಇಳಿಯಬೇಕು. ಅವುಗಳನ್ನು ಹಿಡಿದು ನಿಲ್ಲಿಸಲು ರಕ್ತನಾಳದ ಒಳಗೋಡೆಯಲ್ಲಿ ಸೆಲೆಕ್ಟಿನ್ ಎಂಬ ಕೊಕ್ಕೆಗಳು ಏಳುತ್ತವೆ. ಮುಳ್ಳಿನ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ. ಅಮ್ಮನ ಮಂಡಿಯಂಥ ಕಡೆ ಇದು ವರ್ಷಗಟ್ಟಲೆ ಒಳಗೊಳಗೇ ಹೊಗೆಯಾಡುತ್ತ ಉಳಿದರೆ ಅದೇ ತೊಂದರೆ.

ಕಂದು ಕಳೆಯ ಲೋಳೆಯಲ್ಲಿರುವ ಫ್ಯೂಕೋಯ್ಡನ್ ಆ ಕೊಕ್ಕೆಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಕೊಕ್ಕೆ ತುಂಬಿಹೋದರೆ ಬಿಳಿ ಕಣಗಳಿಗೆ ಹಿಡಿತ ಸಿಗದು. 1913ರಲ್ಲಿ ಸ್ವೀಡನ್ನಿನ ಹೆರಾಲ್ಡ್ ಕ್ಯೂಲಿನ್ ಎಂಬ ಸಸ್ಯವಿಜ್ಞಾನಿ ಮೊದಲು ಬೇರ್ಪಡಿಸಿದ ವಸ್ತು ಇದು. ಸಕ್ಕರೆಯ ಕಣಗಳು ಒಂದಕ್ಕೊಂದು ಪೋಣಿಸಿಕೊಂಡ ಉದ್ದ ಸರ, ಸರದ ತುಂಬ ಅಲ್ಲಲ್ಲಿ ಸಲ್ಫೇಟಿನ ಗುಂಪುಗಳು. ಸರ ಎಷ್ಟು ಉದ್ದ, ಸಲ್ಫೇಟ್ ಎಷ್ಟು ಮತ್ತು ಎಲ್ಲೆಲ್ಲಿ ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ತೆಗೆಯುವ ಬಗೆ ಕೈಹಾಕುವುದು ಇದಕ್ಕೇ.

ನನ್ನ ಮೊದಲ ಫ್ಯೂಕೋಯ್ಡನ್ನಿನ ಕಥೆ ಕೇಳಿ. ನೂರು ಗ್ರಾಂ ಪುಡಿಯನ್ನು ನೀರಿನಲ್ಲಿ ಹಾಕಿ ಬೆಳಿಗ್ಗೆಯಿಂದ ಸಂಜೆವರೆಗೆ ಕುದಿಸಿದೆ. ಸೋಸಿದರೆ ಗಂಜಿತಿಳಿಯ ಹಾಗೆ ದಪ್ಪ ದ್ರವ. ಅದಕ್ಕೆ ಸ್ಪಿರಿಟ್ ಹೊಯ್ದಾಗ ಹಾಲು ಒಡೆದ ಹಾಗೆ ಗರಣೆ ಕಟ್ಟಿ ತೇಲಿತು. ಒಣಗಿಸಿ ತೂಗಿದರೆ 22 ಗ್ರಾಂ! ಇಡೀ ವಿಭಾಗಕ್ಕೆ ಹೇಳಿಕೊಂಡು ಬಂದೆ. ನಮ್ಮ ಹಿರಿಯ ಸಂಶೋಧಕರೊಬ್ಬರು ಬಂದು ನೋಡಿ, ಚಿಟಿಕೆ ತೆಗೆದು ನೀರಿಗೆ ಹಾಕಿ ಕರಗಿಸಿ, ಕ್ಯಾಲ್ಸಿಯಂ ಕ್ಲೋರೈಡಿನ ನಾಲ್ಕು ಹನಿ ಬಿಟ್ಟರು. ಲೋಟದೊಳಗೆ ಅಂಟಂಟಾದ ಜೆಲ್ಲಿ ಕಟ್ಟಿತು. 'ಇದು ಹಲ್ಲು ಡಾಕ್ಟರಿಗೆ ಆಗುತ್ತೆ ನೋಡು' ಅಂದು ಹೋದರು.

ಅವರು ಹೇಳಿದ್ದು ಆಲ್ಜಿನೇಟ್. ಹಲ್ಲುಸೆಟ್ಟಿನ ಅಚ್ಚು ತೆಗೆಯಲು ಬಾಯಿಗೆ ಒತ್ತುವ ಆ ಹಿಟ್ಟಿನಲ್ಲಿರುವುದು ಅದೇ. ಕಂದು ಕಳೆಯ ಒಣತೂಕದಲ್ಲಿ ನೂರಕ್ಕೆ ಇಪ್ಪತ್ತರಿಂದ ನಲವತ್ತರಷ್ಟು ಅದೇ ಇರುತ್ತದೆ, ಫ್ಯೂಕೋಯ್ಡನ್ ಅದರ ಮುಂದೆ ಚೂರುಪಾರು. ಬಿಸಿನೀರು ಇಬ್ಬರನ್ನೂ ಒಟ್ಟಿಗೆ ಕರೆತರುತ್ತದೆ. ಉಪಾಯ ಇರುವುದು ಆ ನಾಲ್ಕು ಹನಿಯಲ್ಲಿ. ಕುದಿಸುವ ನೀರಿಗೇ ಕ್ಯಾಲ್ಸಿಯಂ ಸೇರಿಸಿದರೆ ಆಲ್ಜಿನೇಟ್ ಗಟ್ಟಿಯಾಗಿ ಚರಟದಲ್ಲೇ ಉಳಿಯುತ್ತದೆ, ಫ್ಯೂಕೋಯ್ಡನ್ ಮಾತ್ರ ಹೊರಗೆ ಬರುತ್ತದೆ. ಅದಕ್ಕೂ ಮೊದಲು ಪುಡಿಯನ್ನು ಸ್ಪಿರಿಟ್ಟಿನಲ್ಲಿ ಎರಡು ಮೂರು ಸಲ ತೊಳೆದು ಬಣ್ಣ, ಕೊಬ್ಬು, ಒಗರು ಎಲ್ಲವನ್ನೂ ಹೊರಗೆ ಕಳಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆ ನನಗೆ ಸಿಕ್ಕಿದ್ದು ನಾಲ್ಕು ಗ್ರಾಂ ಚಿಲ್ಲರೆ. ಆ ನಾಲ್ಕು ಗ್ರಾಮಿನ ಬಗ್ಗೆ ಯಾರಿಗೂ ಹೇಳಿಕೊಂಡು ಬರಲಿಲ್ಲ, ಆದರೆ ಅದೇ ನಿಜವಾದ ಮಾಲು.

ಕುದಿಸುವುದರ ಜೊತೆ ಆಮ್ಲ ಸೇರಿಸಿದರೆ ಕೆಲಸ ಬೇಗ ಆಗುತ್ತದೆ, ಇಳುವರಿಯೂ ಹೆಚ್ಚು. ತೆಳು ಹೈಡ್ರೋಕ್ಲೋರಿಕ್ ಆಮ್ಲ ಈ ಕೆಲಸಕ್ಕೆ ಬಹಳ ಹಳೆಯದು. ಆದರೆ ಈ ಸಕ್ಕರೆ ಸರದ ಕೊಂಡಿಗಳು ಆಮ್ಲಕ್ಕೆ ಬಹಳ ಬೇಗ ಸೋಲುತ್ತವೆ. ಹೊತ್ತು ಹೆಚ್ಚಾದರೆ ಸರ ತುಂಡಾಗುತ್ತದೆ, ಸಲ್ಫೇಟ್ ಕಳಚಿ ಬೀಳುತ್ತದೆ. ತೂಕದ ತಕ್ಕಡಿಗೆ ಇದು ಯಾವುದೂ ಕಾಣುವುದಿಲ್ಲ. ತುಂಡಾದದ್ದೆಲ್ಲ ಕೆಟ್ಟದ್ದು ಎಂದೂ ಹೇಳಲಾಗದು. ಉದ್ದ ಸರ ಕೊಕ್ಕೆಗೆ ಚೆನ್ನಾಗಿ ಅಂಟಬಹುದು, ಆದರೆ ಬಾಯಿಯಿಂದ ತಿಂದಾಗ ಕರುಳಿನ ಗೋಡೆ ದಾಟಿ ರಕ್ತಕ್ಕೆ ಬರುವುದು ಅದಕ್ಕೆ ಕಷ್ಟ. ಗಿಡ್ಡ ಸರಕ್ಕೆ ಆ ಕಷ್ಟ ಕಡಿಮೆ. ಹಾಗಾಗಿ ಬೇಕೆಂದೇ ಅಳತೆಯಾಗಿ ತುಂಡು ಮಾಡುವವರೂ ಇದ್ದಾರೆ. ಅಳೆದು ತುಂಡು ಮಾಡುವುದು ಬೇರೆ, ಗ್ಯಾಸ್ ಆರಿಸಲು ಮರೆತು ತುಂಡಾಗುವುದು ಬೇರೆ. ನನ್ನದು ಎರಡನೆಯದು.

ಒಗರು ಅಂದೆನಲ್ಲ, ಅದನ್ನು ಹೊರಗೆ ಚೆಲ್ಲಿದರೆ ಇನ್ನೊಂದು ಸತ್ವವನ್ನೇ ಚೆಲ್ಲಿದ ಹಾಗೆ. ಫ್ಲೋರೋಟ್ಯಾನಿನ್ ಎಂದು ಹೆಸರು, ಕಂದು ಕಳೆಗಳಲ್ಲಿ ಮಾತ್ರ ಸಿಗುವ ಟ್ಯಾನಿನ್. ಚಿಕ್ಕಮ್ಮನನ್ನು ಕೊಟ್ಟದ್ದು ತೀರ್ಥಹಳ್ಳಿ ಕಡೆಗೆ. ಅಲ್ಲಿ ಎಳೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಚೊಗರು ನೋಡಿದವರಿಗೆ ಟ್ಯಾನಿನ್ನಿನ ಸ್ವಭಾವ ಹೇಳಿಕೊಡಬೇಕಿಲ್ಲ. ಗಾಳಿಗೆ ತಾಗುತ್ತಾ ಹೋದ ಹಾಗೆ ಕಪ್ಪಾಗುತ್ತದೆ, ಒಂದಕ್ಕೊಂದು ಹೆಣೆದುಕೊಳ್ಳುತ್ತದೆ, ಪ್ರೋಟೀನು ಸಿಕ್ಕಿದರೆ ಹಿಡಿದುಕೊಂಡು ಬಿಡುವುದಿಲ್ಲ. ಕಳೆಯ ಚೊಗರೂ ಹಾಗೆಯೇ. ಕುದಿಸಿ ಕುದಿಸಿ ಇಳಿಸಿದರೆ ಅದು ಕೆಲಸಕ್ಕೆ ಬಾರದ ಕಪ್ಪು ಕಾಡಿಗೆಯಾಗುತ್ತದೆ. ಅದಕ್ಕೆ ತಂಪಿನಲ್ಲಿ, ನೀರು ಬೆರೆಸಿದ ಸ್ಪಿರಿಟ್ಟಿನಲ್ಲೋ ಅಸಿಟೋನಿನಲ್ಲೋ ತೆಗೆಯಬೇಕು. ಬರೀ ನೀರಾದರೂ ಕಡಿಮೆ, ಬರೀ ಸ್ಪಿರಿಟ್ ಆದರೂ ಕಡಿಮೆ, ಎರಡೂ ಬೆರೆತಾಗಲೇ ಅದು ಹೊರಗೆ ಬರಲು ಒಪ್ಪುತ್ತದೆ. ದಕ್ಷಿಣ ಕೊರಿಯಾದ ಜೆಜು ದ್ವೀಪದ ಸುತ್ತ ಬೆಳೆಯುವ ಎಕ್ಲೋನಿಯಾ ಕಾವಾ ಎಂಬ ಕಳೆಯ ಡೈಎಕಾಲ್ ಎಂಬ ಫ್ಲೋರೋಟ್ಯಾನಿನ್ ಮೇಲೆ ಅಲ್ಲಿನವರು ರಾಶಿ ಸಂಶೋಧನೆ ಮಾಡಿದ್ದಾರೆ. ಅಂದರೆ ಒಂದೇ ಗೋಣಿ ಕಳೆಯಲ್ಲಿ ಮೂರು ಮನೆತನ: ಬಿಸಿನೀರು ಬೇಡುವುದು, ಬಿಸಿ ತಾಗಿದರೆ ಕಪ್ಪಾಗುವುದು, ಬೆಳಕನ್ನೂ ತಡೆಯದ ಬಣ್ಣ. ಮೂವರಿಗೂ ಸರಿಹೋಗುವ ಒಂದೇ ಪಾಕ ಇಲ್ಲ.

ಇನ್ನು ಸಾರ ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು. ಗುಳಿಯಪ್ಪದ ಕಾವಲಿ ಇದೆಯಲ್ಲ, ಅಂಥದೇ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಗುಳಿ. ಪ್ರತಿ ಗುಳಿಯಲ್ಲಿ ಇಲಿಯಿಂದ ಬಂದ ಬಿಳಿ ಕಣಗಳ ಒಂದು ತಳಿ, ಹೆಸರು ರಾ 264.7. ಅವುಗಳಿಗೆ ಬ್ಯಾಕ್ಟೀರಿಯಾದ ಹೊರಕವಚದ ಚೂರನ್ನು ಹಾಕಿದರೆ ಶತ್ರು ಬಂತೆಂದು ರೇಗಿ ನೈಟ್ರಿಕ್ ಆಕ್ಸೈಡ್ ಉಗುಳುತ್ತವೆ. ಮರುದಿನ ಗ್ರೀಸ್ ದ್ರಾವಣ ಹಾಕಿದರೆ ಗುಳಿ ಗುಲಾಬಿಯಾಗುತ್ತದೆ. ಸಾರ ಹಾಕಿದ ಗುಳಿಯಲ್ಲಿ ಗುಲಾಬಿ ತೆಳುವಾದರೆ ಉರಿಯೂತ ತಗ್ಗಿತು ಎಂದು ಲೆಕ್ಕ. ನೋಡಲು ಬಹಳ ಚಂದ, ಮೋಸ ಹೋಗಲು ಬಹಳ ಸುಲಭ.

ನನ್ನ ಒಂದು ತಟ್ಟೆಯಲ್ಲಿ ಒಂದು ಸಾಲು ಪೂರ್ತಿ ಬಿಳಿ. ಉರಿಯೂತವೇ ಇಲ್ಲ! ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳೆಲ್ಲ ಸತ್ತುಹೋಗಿ ತೇಲುತ್ತಿದ್ದವು. ಸತ್ತವರು ರೇಗುವುದುಂಟೇ? ಸಾರದಲ್ಲಿ ಉಳಿದಿದ್ದ ಅಸಿಟೋನ್ ಅವುಗಳನ್ನು ಕೊಂದಿತ್ತು. ಇನ್ನೊಂದು ಸಲ ಸಾರ ಮಾತ್ರ ಹಾಕಿದ, ಬ್ಯಾಕ್ಟೀರಿಯಾ ಚೂರು ಹಾಕದ ಗುಳಿಯೇ ಗುಲಾಬಿಯಾಯಿತು. ಕಳೆಯ ಮೈಮೇಲೆ ಸಮುದ್ರದ ಬ್ಯಾಕ್ಟೀರಿಯಾ ಬಿಡಾರ ಹೂಡಿರುತ್ತವೆ. ಅವುಗಳ ಕವಚದ ಚೂರುಗಳೂ ನನ್ನ ನೀರಿನ ಸಾರದಲ್ಲಿ ಇಳಿದು ಬಂದಿದ್ದವು, ಕುದಿಸಿದರೂ ಅವು ಸುಲಭಕ್ಕೆ ಹಾಳಾಗವು. ಮೂರನೆಯ ಮೋಸ ಚೊಗರಿನದು: ಸಾರವೇ ಕಂದಾಗಿದ್ದರೆ ಯಂತ್ರ ಅದನ್ನೂ ಗುಲಾಬಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಇವನ್ನೆಲ್ಲ ಬಗೆಹರಿಸದೆ 'ನಮ್ಮ ಸಾರ ಉರಿಯೂತವನ್ನು ಇಷ್ಟು ತಗ್ಗಿಸಿತು' ಎನ್ನುವ ಲೇಖನ ಕಂಡರೆ ನಾನು ಫಲಿತಾಂಶ ಓದುವುದಿಲ್ಲ, ನೇರ ಸಾರ ತೆಗೆದ ಬಗೆಯ ಪ್ಯಾರಾಕ್ಕೆ ಹೋಗುತ್ತೇನೆ.

ಈ ಇಡೀ ವಿಷಯದಲ್ಲಿ ನನ್ನನ್ನು ಅತ್ಯಂತ ಕಾಡಿದ್ದು ಕಂದು ಕಳೆಯಲ್ಲ, ಕೆಂಪು ಕಳೆ. ಫಾರ್ಮಸಿ ಓದಿದವರಿಗೆ ಗೊತ್ತು, ಉರಿಯೂತದ ಹೊಸ ಮದ್ದನ್ನು ಪರೀಕ್ಷಿಸಬೇಕಾದರೆ ಮೊದಲು ಇಲಿಗೆ ಉರಿಯೂತ ಬರಿಸಬೇಕು. 1962ರಲ್ಲಿ ಅಮೆರಿಕದ ಮೆರ್ಕ್ ಕಂಪನಿಯ ವಿಂಟರ್ ಮತ್ತು ಸಂಗಡಿಗರು ಒಂದು ವಿಧಾನ ಪ್ರಕಟಿಸಿದರು. ಇಲಿಯ ಹಿಂಗಾಲ ಪಾದಕ್ಕೆ ನೂರಕ್ಕೆ ಒಂದರಷ್ಟು ಬೆರೆಸಿದ ಒಂದು ದ್ರಾವಣದ ಚಿಕ್ಕ ಸೂಜಿ. ಮೂರು ಗಂಟೆಯಲ್ಲಿ ಪಾದ ಊದಿ ನಿಲ್ಲುತ್ತದೆ. ಮದ್ದು ಕೊಟ್ಟ ಇಲಿಯ ಪಾದ ಎಷ್ಟು ಕಡಿಮೆ ಊದಿತು ಎಂದು ಅಳೆಯುವುದು. ಇಂದಿಗೂ ಫಾರ್ಮಸಿ ಕಾಲೇಜುಗಳ ಪಾಠದಲ್ಲಿ ಇದೇ ವಿಧಾನ. ಆ ಸೂಜಿಯಲ್ಲಿರುವುದು ಕ್ಯಾರಗೀನನ್. ಕೆಂಪು ಕಡಲಕಳೆಯ ಸಾರ.

ಐಸ್‌ಕ್ರೀಮು, ಚಾಕಲೇಟ್ ಹಾಲು, ಟೂತ್‌ಪೇಸ್ಟಿನಲ್ಲಿ ದಪ್ಪಕ್ಕೆಂದು ಹಾಕುವುದೂ ಇದನ್ನೇ. ಚರ್ಮದಡಿಗೆ ಚುಚ್ಚುವುದೂ ಬಾಯಿಯಿಂದ ತಿನ್ನುವುದೂ ಒಂದೇ ಅಲ್ಲ, ಹಾಗಾಗಿ ಐಸ್‌ಕ್ರೀಮ್ ಬಿಡಬೇಕಿಲ್ಲ. ಆದರೆ ಅದೇ ಕ್ಯಾರಗೀನನ್ನನ್ನು ಗಟ್ಟಿ ಆಮ್ಲದಲ್ಲಿ ಬಿಸಿ ಮಾಡಿ ಚೂರುಚೂರು ಮಾಡಿದರೆ ಸಿಗುವುದು ಪಾಲಿಜೀನನ್ ಎಂಬ ಇನ್ನೊಂದು ವಸ್ತು. 1969ರಲ್ಲಿ ಬ್ರಿಟನ್ನಿನ ಮಾರ್ಕಸ್ ಮತ್ತು ವಾಟ್ ಹೀಗೆ ಒಡೆದದ್ದನ್ನು ಗಿನಿಯಿಲಿಗಳಿಗೆ ಕೊಟ್ಟಾಗ ಅವುಗಳ ದೊಡ್ಡಕರುಳಲ್ಲಿ ಹುಣ್ಣಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ ಒಡೆದದ್ದನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿದೆ, ಒಡೆಯದ್ದನ್ನು ಸೇರಿಸಿಲ್ಲ. ಕಳೆ ಅದೇ, ಸಕ್ಕರೆಯ ಸರ ಅದೇ. ನಡುವೆ ಬಂದದ್ದು ಆಮ್ಲ, ಬಿಸಿ, ಹೊತ್ತು. 'ಬೇರೆಯೇ ಆಗ್ತದೆ' ಎಂದು ಅಮ್ಮ ಹೇಳಿದ್ದಕ್ಕೆ ಇದಕ್ಕಿಂತ ನೇರ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಹೊಸ ಯಂತ್ರಗಳು ಬಂದಿವೆ. ಮೈಕ್ರೋವೇವ್ ಎಲೆಯೊಳಗಿನ ನೀರನ್ನೇ ಬಿಸಿಮಾಡಿ ಕೋಶ ಒಡೆಯುತ್ತದೆ, ಗಂಟೆಗಳ ಕೆಲಸ ನಿಮಿಷಕ್ಕೆ ಇಳಿಯುತ್ತದೆ. ಅಲ್ಟ್ರಾಸೌಂಡ್ ಕಿವಿಗೆ ಕೇಳದ ಸದ್ದಿನಿಂದ ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಸಿಡಿಸಿ ಗೋಡೆ ಬಿರಿಸುತ್ತದೆ, ಜಾಸ್ತಿಯಾದರೆ ಸರವನ್ನೂ ತುಂಡರಿಸುತ್ತದೆ. ಕಿಣ್ವಗಳು ಗೋಡೆಯನ್ನು ಮೆಲ್ಲಗೆ ಜೀರ್ಣಿಸುತ್ತವೆ, ಒಳ್ಳೆಯದು, ದುಬಾರಿ. ನನಗೆ ಇಷ್ಟವಾದದ್ದು ಇಂಗಾಲದ ಡೈ ಆಕ್ಸೈಡಿನದು. ಸೋಡಾದ ಗುಳ್ಳೆಯಲ್ಲಿರುವ ಆ ಅನಿಲವನ್ನೇ 31 ಡಿಗ್ರಿಗಿಂತ ಮೇಲೆ, ಗಾಳಿಯ ಸಾಮಾನ್ಯ ಒತ್ತಡದ 73 ಪಟ್ಟಿಗಿಂತ ಹೆಚ್ಚು ಒತ್ತಿದರೆ ಅದು ಅನಿಲವೂ ಅಲ್ಲದ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಅನಿಲದ ಹಾಗೆ ಸಂದುಗೊಂದಿಗೆ ನುಗ್ಗುತ್ತದೆ, ದ್ರವದ ಹಾಗೆ ಕರಗಿಸಿಕೊಳ್ಳುತ್ತದೆ. ಕೆಲಸ ಮುಗಿದು ಒತ್ತಡ ಬಿಟ್ಟರೆ ಹಾರಿಹೋಗುತ್ತದೆ, ದ್ರಾವಕದ ವಾಸನೆಯೂ ಉಳಿಯದು. ಕಾಫಿ ಬೀಜದಿಂದ ಕೆಫೀನ್ ತೆಗೆಯುವುದೂ ಹೀಗೇ. ಸ್ವಲ್ಪ ಸ್ಪಿರಿಟ್ ಬೆರೆಸಿಕೊಟ್ಟರೆ ಫ್ಯೂಕೋಕ್ಸಾಂಥಿನ್ ಇದರಲ್ಲಿ ಚೆನ್ನಾಗಿ ಬರುತ್ತದೆ. ಫ್ಯೂಕೋಯ್ಡನ್ ಮಾತ್ರ ಇತ್ತ ತಿರುಗಿಯೂ ನೋಡದು, ಅದು ನೀರಿನ ಕೂಸು. ಯಂತ್ರ ಮಾರಲು ಬಂದವರು ಇದನ್ನು ಹೇಳುವುದಿಲ್ಲ, ನಾವೇ ಕೇಳಬೇಕು.

ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯವರು ಇದಕ್ಕೆಲ್ಲ ಹೋಗದೆ ತಾಜಾ ಕೆಂಪು ಕಳೆ ಕಪ್ಪಾಫೈಕಸ್ಸನ್ನು ಹಿಂಡಿ ರಸ ತೆಗೆದರು. ರಸ ಹೊಲದ ಬೆಳೆಗೆ ಸಿಂಪಡಿಸಲು, ಹಿಂಡಿಯಿಂದ ಕ್ಯಾರಗೀನನ್. ಅಪ್ಪಟ ಸ್ವರಸ! ರಾಮನಾಥಪುರದ ಕಡಲಲ್ಲಿ ಮುಳುಗಿ ಕಳೆ ಕೀಳುವ ಹೆಂಗಸರು ಒಂದು ಕಳೆಗೆ ಕಂಜಿ ಪಾಸಿ ಅನ್ನುತ್ತಾರೆ, ಅಂದರೆ ಗಂಜಿಪಾಚಿ. ಅಗರ್ ಕೊಡುವ ಗ್ರಾಸಿಲೇರಿಯಾ ಅದು. ಬೇಯಿಸಿದರೆ ಏನಾಗುತ್ತದೆ ಎಂಬುದು ಹೆಸರಿನಲ್ಲೇ ಇದೆ.

ಬೇಕಾದ್ದರ ಜೊತೆ ಬೇಡದ್ದೂ ಬರುತ್ತದೆ. ಕಂದು ಕಳೆಗಳು ಸಮುದ್ರದ ಅಯೋಡಿನ್ನನ್ನು ಹೀರಿ ಹೀರಿ ಇಟ್ಟುಕೊಳ್ಳುತ್ತವೆ; 1811ರಲ್ಲಿ ಅಯೋಡಿನ್ ಮೊದಲು ಸಿಕ್ಕಿದ್ದೇ ಕಳೆಯ ಬೂದಿಯಲ್ಲಿ, ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬವರಿಗೆ. ಜಪಾನಿನವರು ತಿನ್ನುವ ಹಿಜಿಕಿ, ಅದೂ ನಮ್ಮ ಸರ್ಗಾಸಮ್ಮಿನ ಬಳಗವೇ, ಅದರಲ್ಲಿ ಆರ್ಸೆನಿಕ್ ಹೆಚ್ಚೆಂದು 2004ರಲ್ಲಿ ಬ್ರಿಟನ್ನಿನ ಆಹಾರ ಇಲಾಖೆ ತಿನ್ನಬೇಡಿ ಎಂದಿತು. ಜಪಾನಿನ ಅಡುಗೆಯವರು ಹಿಜಿಕಿ ನೆನೆಸಿದ ನೀರನ್ನು ಚೆಲ್ಲುತ್ತಾರೆ. ಅಯೋಡಿನ್, ಆರ್ಸೆನಿಕ್ ಎರಡೂ ಹೆಚ್ಚಾಗಿ ನೀರಿಗೇ ಇಳಿಯುವಂಥವು. ಅಂದರೆ ಅಡುಗೆಯವರು ಚೆಲ್ಲುವ ನೀರನ್ನೇ ಬಿಸಿನೀರಿನ ಸಾರ ಮಾಡುವವರು ಇಟ್ಟುಕೊಳ್ಳುತ್ತಾರೆ. ಆಮೇಲೆ ಶುದ್ಧ ಮಾಡಿದರೋ ಇಲ್ಲವೋ ಎಂಬುದು ಬಾಟಲಿಯ ಮೇಲಿರುವುದಿಲ್ಲ.

ಇಷ್ಟೆಲ್ಲ ಆಗಿ ಮನುಷ್ಯರ ಮಂಡಿಗೆ ಏನಾದರೂ ಆಯಿತೇ? ಆಸ್ಟ್ರೇಲಿಯಾದಲ್ಲಿ ಸಂಧಿವಾತ ಇರುವವರ ಮೇಲೆ ಎರಡು ಪರೀಕ್ಷೆ ನಡೆದವು. 2010ರದ್ದು 12 ಜನರ ಮೇಲೆ, ಮೂರು ಕಂದು ಕಳೆಗಳ ಫ್ಯೂಕೋಯ್ಡನ್ನಿಗೆ ಸತು, ಮ್ಯಾಂಗನೀಸ್, ಬಿ6 ಬೆರೆಸಿದ ಮಿಶ್ರಣ. ನೋವು ಚೆನ್ನಾಗಿ ಇಳಿಯಿತು. ಆದರೆ ತಾವು ತಿನ್ನುತ್ತಿರುವುದು ಮದ್ದು ಎಂದು ಎಲ್ಲರಿಗೂ ಗೊತ್ತಿತ್ತು. 2016ರದ್ದು 122 ಜನರ ಮೇಲೆ, ಒಂದೇ ಕಳೆಯ ಶುದ್ಧ ಮಾಡಿದ ಸಾರ ದಿನಕ್ಕೆ 300 ಮಿ.ಗ್ರಾಂ, ಯಾರಿಗೆ ಮದ್ದು, ಯಾರಿಗೆ ಖಾಲಿ ಗುಳಿಗೆ ಎಂದು ಯಾರಿಗೂ ತಿಳಿಸದೆ. 12 ವಾರ ಕಳೆದ ಮೇಲೆ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಮೊದಲನೆಯದು ನಂಬಿಕೆಯ ಫಲವೇ ಇದ್ದೀತು, ಅಥವಾ ಎರಡೂ ಬೇರೆ ಬೇರೆ ಸಾರವಾದ್ದರಿಂದಲೂ ಇದ್ದೀತು. ನಾನಂತೂ ದೊಡ್ಡ ಪರೀಕ್ಷೆಯ ಕಡೆಗೇ ವಾಲುತ್ತೇನೆ. ನಮ್ಮಲ್ಲಿ ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಯಾಡಲ್ಮಿನ್ ಹೆಸರಿನಲ್ಲಿ ಹೊರತಂದ ಕಡಲಕಳೆಯ ಗುಳಿಗೆಗಳಲ್ಲಿ ಒಂದು ಕೀಲುನೋವಿಗೆಂದೇ ಇದೆ. ಆ ಸಂಸ್ಥೆಯ ಕೇಂದ್ರಗಳು ಮಂಗಳೂರಿನಲ್ಲೂ ಕಾರವಾರದಲ್ಲೂ ಇವೆ. ಅಮ್ಮನ ಬಾಟಲಿ ಅವರದ್ದಲ್ಲ.

ಅದರ ಎರಡು ಗುಳಿಗೆಗಳನ್ನು ಕಿಸೆಯಲ್ಲಿ ಹಾಕಿಕೊಂಡು ಸೋಮವಾರ ಲ್ಯಾಬಿಗೆ ಹೋದೆ. ಕವಚ ಬಿಚ್ಚಿ ಪುಡಿಯನ್ನು ನೀರಲ್ಲಿ ಕದಡಿ, ಆಮ್ಲ ಬೆರೆಸಿದ ಟೊಲುಯಿಡಿನ್ ನೀಲಿಯ ಹನಿ ಬಿಟ್ಟೆ. ನೀಲಿ ನೇರಳೆಗೆ ತಿರುಗಿತು. ಸಲ್ಫೇಟ್ ಇರುವ ಸಕ್ಕರೆ ಸರ ಇದೆ ಎಂದಷ್ಟೇ ಅರ್ಥ. ಫ್ಯೂಕೋಯ್ಡನ್ನೋ ಕ್ಯಾರಗೀನನ್ನೋ, ಉದ್ದವೋ ಗಿಡ್ಡವೋ, ಆ ಹನಿ ಹೇಳುವುದಿಲ್ಲ. ಲೇಬಲ್ಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ನೀರಿನ ಎಕ್ಸ್‌ಟ್ರಾಕ್ಟಾ, ಆಲ್ಕೋಹಾಲಿನದ್ದಾ ಎಂದು ಕೇಳಿದೆ.

'ಮೇಡಂ, ಹಂಡ್ರೆಡ್ ಪರ್ಸೆಂಟ್ ನ್ಯಾಚುರಲ್.'

'ಅದು ಸರಿ, ತೆಗೆದದ್ದು ಹೇಗೆ?'

'ಸಮುದ್ರದಿಂದ ಮೇಡಂ.'

ಸಂಜೆ ಅಮ್ಮನಿಗೆ ಹೇಳಿದೆ. ಅವಳು ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯಿಡಿನ ಮಾತ್ರೆ ತೆಗೆದುಕೊಳ್ಳುವವಳು. ಬಾಟಲಿಯಲ್ಲಿ ಅಯೋಡಿನ್ ಎಷ್ಟಿದೆ ಗೊತ್ತಿಲ್ಲ. ಫ್ಯೂಕೋಯ್ಡನ್ನಿಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಗುಣವೂ ಇದೆ, ರಕ್ತ ತೆಳುವಾಗುವ ಮದ್ದು ತಿನ್ನುವವರು ಸುಮ್ಮನೆ ಶುರುಮಾಡುವ ಹಾಗಿಲ್ಲ. ಡಾಕ್ಟರನ್ನು ಕೇಳದೆ ಮುಟ್ಟಬೇಡ ಅಂದೆ. ಗುರುವಾರ ಹೇಗೂ ಹೋಗುವುದಿತ್ತು. ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಡು, ನನಗೆ ನೆನಪಿರುವುದಿಲ್ಲ ಎಂದಳು. ಯಾವ ಕಳೆ, ನೀರಿನಲ್ಲೋ ಸ್ಪಿರಿಟ್ಟಿನಲ್ಲೋ, ಅಯೋಡಿನ್ ಎಷ್ಟು ಎಂದು ಬರೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದಳು. ಚೀಟಿ ವಾಪಸು ಕೊಟ್ಟಳು.

'ಎಷ್ಟು ಹೊತ್ತು ಬಿಸಿ ಮಾಡಿದ್ದು ಅಂತ ಬರೆಯಲಿಲ್ಲ ನೀನು.'